ಅಜ್ಜ, ಬಸುರಿ, ಎರಡು ವರ್ಷದ ಕೂಸು ಎಲ್ರೂ ಒಟ್ಟಿಗೆ ಹೊರಟ್ರೆ: ಡೆಂಗ್ಯೂ ಸೀಸನ್ನಲ್ಲಿ ಟ್ರಿಪ್ ಜಾಗ ಆರಿಸೋದು ಹೇಗೆ

ದಸರಾ ರಜೆ ಹತ್ರ ಬಂತು ಅಂದ್ರೆ ನಮ್ಮನೇಲಿ ಒಂದೇ ಮಾತು, ಈ ಸಲ ಎಲ್ಲಿಗೆ ಅಂತ. ನಾವು ಹತ್ತು ಜನ. ಅಪ್ಪಂಗೆ 71, ಶುಗರ್ರು ಬಿಪಿ ಎರಡೂ ಇದೆ, ಸ್ಟೆಂಟ್ ಹಾಕಿಸಿರೋದ್ರಿಂದ ರಕ್ತ ಹೆಪ್ಪುಗಟ್ಟದೇ ಇರೋ ಮಾತ್ರೆ ದಿನಾ ತಗೋತಾರೆ. ಅಮ್ಮಂಗೆ ಹಿಂದೆ ಚಿಕುನ್‌ಗುನ್ಯಾ ಬಂದು ಹೋಗಿದ್ದು, ಇವತ್ತಿಗೂ ಬೆಳಗ್ಗೆ ಎದ್ದಾಗ ಬೆರಳು ಮಡಚೋಕೆ ಕಷ್ಟ. ತಮ್ಮನ ಹೆಂಡ್ತಿ ನಾಕು ತಿಂಗಳ ಬಸುರಿ, ಇಬ್ರೂ ಡಲ್ಲಾಸ್‌ನಿಂದ ಮೂರು ವಾರಕ್ಕೆ ಅಂತ ಬರ್ತಿದಾರೆ. ಅಕ್ಕ ಭಾವ, ಅವರ ಮಗಳಿಗೆ ಇನ್ನೂ 2 ತುಂಬಿಲ್ಲ. ಆಮೇಲೆ ನಾನು, ನಮ್ಮನೆಯವ್ರು, ಹತ್ತನೇ ಕ್ಲಾಸ್ ಓದ್ತಿರೋ ಮಗ. ಇಷ್ಟು ಜನಕ್ಕೆ ಒಂದು ಜಾಗ ಹುಡುಕೋದೇ ಕಷ್ಟ, ಅದರಲ್ಲಿ ಸೊಳ್ಳೆ ಲೆಕ್ಕ ಬೇರೆ ಯಾಕೆ ಅಂತ ಕೇಳ್ತೀರಾ, ಹೇಳ್ತೀನಿ.

2024ರ ಆಗಸ್ಟಲ್ಲಿ ನಾವು ಮಲೆನಾಡಿನ ಕಡೆ ಒಂದು ಹೋಮ್‌ಸ್ಟೇಗೆ ಹೋಗಿದ್ವಿ. ಅಡಿಕೆ ತೋಟದ ಮಧ್ಯೆ ಮನೆ, ಕಡುಬು, ಬಿಸಿ ನೀರಿನ ಹಂಡೆ, ಎಲ್ಲಾ ಚೆನ್ನಾಗಿತ್ತು. ಅಪ್ಪ ದಿನಾ ಬೆಳಗ್ಗೆ ಏಳು ಗಂಟೆಗೆ ಪಂಚೆ ಮೇಲೆತ್ತಿ ಕಟ್ಕೊಂಡು ಜಗಲಿ ಮೇಲೆ ಪೇಪರ್ ಹಿಡ್ಕೊಂಡು ಕೂತಿರೋರು, ಕಾಲಿಗೆ ಕಪ್ಪು ಬಿಳಿ ಪಟ್ಟೆ ಇರೋ ಸಣ್ಣ ಸೊಳ್ಳೆ ಕಚ್ಚೋದು, ಪೇಪರಲ್ಲೇ ಹೊಡ್ಕೊಂಡು ಓದೋರು. ಬಚ್ಚಲ ಹಿಂದೆ ಉದುರಿದ ಅಡಿಕೆ ಹಾಳೆ ರಾಶಿ ಹಾಕಿದ್ರು, ನನ್ನ ಮಗ ಒಂದು ಹಾಳೆ ಎತ್ತಿದ್ರೆ ಅದರ ಗುಳೀಲಿ ಒಂದು ಬೊಗಸೆ ಮಳೆ ನೀರು, ನೀರಲ್ಲಿ ದಾರದ ಚೂರಿನ ಥರ ಹುಳ ಬಳುಕ್ತಾ ಮೇಲೆ ಕೆಳಗೆ ಓಡಾಡ್ತಿದ್ವು. ಅವನು ವಿಡಿಯೋ ಮಾಡ್ಕೊಂಡ, ನಾವೆಲ್ಲ ನೋಡಿ ಸುಮ್ಮನಾದ್ವಿ. ವಾಪಸ್ ಬಂದ ಆರನೇ ದಿನಕ್ಕೆ ಅಪ್ಪಂಗೆ ಜ್ವರ, ಟೆಸ್ಟ್ ಮಾಡಿಸಿದ್ರೆ ಡೆಂಗ್ಯೂ, ಪ್ಲೇಟ್‌ಲೆಟ್ 24 ಸಾವಿರಕ್ಕೆ ಇಳೀತು, ಸ್ಟೆಂಟ್ ಮಾತ್ರೆ ನಿಲ್ಲಿಸಿದ್ರೆ ಹಾರ್ಟಿಗೆ ತೊಂದರೆ, ಕೊಟ್ರೆ ಬ್ಲೀಡಿಂಗ್ ಆಗೋ ಭಯ, ಡಾಕ್ಟ್ರುಗಳು ಇಬ್ಬಿಬ್ರು ನಿಂತ್ಕೊಂಡು ಮಾತಾಡ್ತಿದ್ದಿದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ಆರು ದಿನ ಆಸ್ಪತ್ರೆ. ಅಲ್ಲೇ ಕಚ್ಚಿದ್ದು ಅಂತ ಪ್ರಮಾಣ ಮಾಡಿ ಹೇಳಕ್ಕಾಗಲ್ಲ, ಆ ವರ್ಷ ಬೆಂಗಳೂರಲ್ಲೂ ಬೀದಿ ಬೀದೀಲಿ ಡೆಂಗ್ಯೂ ಇತ್ತು, ಸೆಪ್ಟೆಂಬರಲ್ಲಿ ಸರ್ಕಾರವೇ ಅದನ್ನ ಸಾಂಕ್ರಾಮಿಕ ರೋಗ ಅಂತ ಘೋಷಣೆ ಮಾಡಿ ಮನೆ ಸುತ್ತ ನೀರು ನಿಲ್ಲಿಸ್ಕೊಂಡು ಸೊಳ್ಳೆ ಬೆಳೆಸೋರಿಗೆ ದಂಡ ಅಂತ ನಿಯಮ ತಂತು. ಆದ್ರೆ ಆ ಹಾಳೆ ನೀರಲ್ಲಿದ್ದ ಸೊಳ್ಳೆ ಮರಿಗಳ ವಿಡಿಯೋ ಈಗಲೂ ಮಗನ ಫೋನಲ್ಲಿದೆ, ನೋಡಿದಾಗಲೆಲ್ಲ ಹೊಟ್ಟೇಲಿ ಏನೋ ಆಗುತ್ತೆ.

ಹಾಗಂತ ಟ್ರಿಪ್ಪೇ ಬೇಡ ಅನ್ನೋಳಲ್ಲ ನಾನು. ಅಪ್ಪ ಅಮ್ಮ ಮೊಮ್ಮಕ್ಕಳ ಜೊತೆ ಎಲ್ಲಾದ್ರೂ ಹೋಗಿ ನಾಕು ದಿನ ಇರೋದು ಇನ್ನೆಷ್ಟು ವರ್ಷ ಸಿಗುತ್ತೆ ಹೇಳಿ. ಅದಕ್ಕೇ ಈ ಸಲ ಕೂತು ಯೋಚನೆ ಮಾಡಿ, ಡಾಕ್ಟ್ರನ್ನ ಕೇಳಿ, ಹತ್ತಾರು ಕಡೆ ಫೋನ್ ಮಾಡಿ ಜಾಗ ಆರಿಸಿದ್ವಿ.

ಮೊದಲನೇದು, ಮ್ಯಾಪ್ ತೆಗಿಯೋ ಮುಂಚೆ ಒಂದು ಹಾಳೇಲಿ ಮನೆ ಜನರ ಹೆಸರು ಬರೀರಿ. ಪ್ರತಿಯೊಬ್ರ ಮುಂದೆ ವಯಸ್ಸು, ಇರೋ ಕಾಯಿಲೆ, ತಗೊಳ್ಳೋ ಮಾತ್ರೆ, ಹಿಂದೆ ಡೆಂಗ್ಯೂ ಬಂದಿತ್ತಾ ಇಲ್ವಾ. ಈ ಕೊನೇದು ತುಂಬಾ ಮುಖ್ಯ, ಯಾಕಂದ್ರೆ ಡೆಂಗ್ಯೂ ವೈರಸ್‌ನಲ್ಲಿ ನಾಕು ಥರ ಇದೆ, ಒಂದು ಥರದ್ದು ಬಂದು ಹೋದೋರಿಗೆ ಇನ್ನೊಂದು ಥರದ್ದು ಬಂದ್ರೆ ಎರಡನೇ ಸಲ ಜೋರಾಗೋ ಸಾಧ್ಯತೆ ಜಾಸ್ತಿ. ಒಂದ್ಸಲ ಬಂದಾಯ್ತು ಇನ್ನು ಬರಲ್ಲ ಅಂತ ನಮ್ಮಪ್ಪನೂ ಅಂದ್ಕೊಂಡಿದ್ರು. ಹಾಳೇಲಿ ಯಾರ ಹೆಸರ ಮುಂದೆ ಜಾಸ್ತಿ ಬರೆದಿರ್ತೀರೋ ಅವರಿಗೆ ಹೊಂದೋ ಜಾಗವೇ ಎಲ್ಲರ ಜಾಗ, ಮಿಕ್ಕೋರು ಅಡ್ಜಸ್ಟ್ ಆಗ್ಬೇಕು. ನಮ್ಮನೇಲಿ ಅದು ಅಪ್ಪ ಮತ್ತೆ ತಮ್ಮನ ಹೆಂಡ್ತಿ.

ಬಸುರಿ ಇದ್ರೆ ಲೆಕ್ಕವೇ ಬೇರೆ. ಝೀಕಾ ಅಂತ ಕೇಳಿರ್ತೀರಲ್ಲ, ದೊಡ್ಡೋರಿಗೆ ಬಂದ್ರೆ ಎಷ್ಟೋ ಸಲ ಗೊತ್ತೇ ಆಗಲ್ಲ, ಆದ್ರೆ ಹೊಟ್ಟೇಲಿರೋ ಮಗೂನ ಮೆದುಳಿನ ಬೆಳವಣಿಗೆಗೇ ಪೆಟ್ಟು ಕೊಡಬಹುದು. ಅದನ್ನ ಹರಡೋದೂ ಡೆಂಗ್ಯೂ ಸೊಳ್ಳೆನೇ, ಈಡಿಸ್. 2021ರಲ್ಲಿ ಕೇರಳದಲ್ಲಿ ಬಂತು, 2022ರ ಡಿಸೆಂಬರಲ್ಲಿ ನಮ್ಮ ರಾಯಚೂರಲ್ಲಿ ಐದು ವರ್ಷದ ಹುಡುಗಿಗೆ ಬಂತು, ಮರು ವರ್ಷ ಚಿಕ್ಕಬಳ್ಳಾಪುರದ ಕಡೆ ಸೊಳ್ಳೆಯಲ್ಲೇ ಸಿಕ್ತು, 2024ರಲ್ಲಿ ಪುಣೆಯಲ್ಲಿ ಬಸುರಿಯರಿಗೂ ಬಂತು. ಇದು ಗಂಡ ಹೆಂಡ್ತಿ ಸಂಪರ್ಕದಿಂದಲೂ ದಾಟುತ್ತೆ, ಅಂದ್ರೆ ಬಸುರಿ ಮನೇಲಿದ್ದು ಗಂಡ ಒಬ್ನೇ ಸುತ್ತಾಡಿ ಬಂದ್ರೂ ಎಚ್ಚರ ಬೇಕು. ಮಲೇರಿಯಾನೂ ಬಸುರಿಯರಿಗೆ ಜೋರಾಗೇ ಕಾಡುತ್ತೆ. ಹಾಗಾಗಿ ಜಾಗದ ಪಟ್ಟಿ ಹಿಡ್ಕೊಂಡು ಮೊದಲು ಅವಳ ಡಾಕ್ಟ್ರ ಹತ್ರ ಹೋಗಿ, ಬುಕಿಂಗ್ ಆಮೇಲೆ. ತಮ್ಮನ ಹೆಂಡ್ತಿ ಅವಳ ಡಲ್ಲಾಸ್ ಡಾಕ್ಟ್ರಿಗೂ ಇಲ್ಲಿನ ಡಾಕ್ಟ್ರಿಗೂ ಒಂದೇ ಪಟ್ಟಿ ಕಳಿಸಿದ್ಲು, ಇಬ್ರೂ ಬೇಡ ಅಂದಿದ್ದನ್ನ ನಾವು ಚರ್ಚೆ ಇಲ್ದೆ ಹೊಡೆದು ಹಾಕಿದ್ವಿ.

ಎರಡನೇದು, ಸೊಳ್ಳೆ ಅಂದ್ರೆ ಒಂದೇ ಸೊಳ್ಳೆ ಅಲ್ಲ, ಯಾವುದು ಯಾವಾಗ ಕಚ್ಚುತ್ತೆ ಅಂತ ಗೊತ್ತಿದ್ರೆ ಅರ್ಧ ಕೆಲಸ ಆದ ಹಾಗೆ. ಡೆಂಗ್ಯೂ, ಚಿಕುನ್‌ಗುನ್ಯಾ, ಝೀಕಾ ಮೂರೂ ಈಡಿಸ್ ಸೊಳ್ಳೆಯಿಂದ, ಅದು ಹಗಲು ಕಚ್ಚುತ್ತೆ, ಬೆಳಗ್ಗೆ ಸೂರ್ಯ ಹುಟ್ಟಿದ ಮೇಲೆ ಒಂದೆರಡು ಗಂಟೆ, ಸಂಜೆ ಮುಳುಗೋ ಮುಂಚೆ ಒಂದೆರಡು ಗಂಟೆ ಅದಕ್ಕೆ ಹಸಿವು ಜಾಸ್ತಿ. ಸ್ವಚ್ಛ ನೀರಲ್ಲಿ ಮೊಟ್ಟೆ ಇಡುತ್ತೆ, ಒಂದು ಮುಚ್ಚಳ ನೀರು ಸಾಕು, ಒಂದು ವಾರ ಹತ್ತು ದಿನಕ್ಕೆ ರೆಕ್ಕೆ ಬಂದು ಹಾರುತ್ತೆ. ಮಲೇರಿಯಾದ ಅನಾಫಿಲಿಸ್ ರಾತ್ರಿದು. ಮೆದುಳು ಜ್ವರ ತರೋ ಕ್ಯುಲೆಕ್ಸೂ ಕತ್ತಲಾದ ಮೇಲೇ ಕಚ್ಚೋದು, ಗದ್ದೆ ನೀರು, ಹಂದಿ, ನೀರು ಹಕ್ಕಿ ಇರೋ ಕಡೆ ಅದರ ಓಡಾಟ. ನಮ್ಮ ಜನ ರಾತ್ರಿ ಪರದೆ ಕಟ್ಟಿ ಬತ್ತಿ ಹಚ್ಚಿ ಮಲಗ್ತಾರೆ, ಬೆಳಗ್ಗೆ ಎದ್ದು ಎಲ್ಲಾ ಕಿಟಕಿ ತೆಗೆದು ಬರೀ ಕಾಲಲ್ಲಿ ಕಾಫಿ ಕುಡೀತಾ ಹೊರಗೆ ಕೂರ್ತಾರೆ, ಡೆಂಗ್ಯೂ ಸೊಳ್ಳೆಗೆ ಊಟದ ಹೊತ್ತು ಅದೇ.

ಇದರಲ್ಲಿ ಇನ್ನೊಂದು ವಿಷಯ ಇದೆ, ನನಗೆ ಅದೇ ಎಲ್ಲಕ್ಕಿಂತ ದೊಡ್ಡ ಪಾಠ ಆಗಿದ್ದು. ಈಡಿಸ್ ಸೊಳ್ಳೆ ದೂರ ಹಾರಲ್ಲ, ಹುಟ್ಟಿದ ಜಾಗದಿಂದ ಸಾಮಾನ್ಯವಾಗಿ ನೂರಿನ್ನೂರು ಮೀಟರ್ ಒಳಗೇ ಅದರ ಬದುಕು. ಅಂದ್ರೆ ನೀವು ಕೂರ್ಗಾ ಗೋವಾನಾ ಅಂತ ತಲೆ ಕೆಡಿಸ್ಕೊಳ್ಳೋದಕ್ಕಿಂತ ಉಳ್ಕೊಳ್ಳೋ ಮನೆಯ ಅಂಗಳ, ಹಿತ್ತಲು, ಪಕ್ಕದ ಸೈಟು ಹೇಗಿದೆ ಅನ್ನೋದು ಜಾಸ್ತಿ ಲೆಕ್ಕಕ್ಕೆ ಬರುತ್ತೆ. ಒಂದೇ ಊರಲ್ಲಿ ಒಂದು ಮನೆ ಚೆನ್ನಾಗಿರುತ್ತೆ, ಎರಡು ಬೀದಿ ಆಚೆ ಕಟ್ಟಡ ಕಟ್ತಿರೋ ಸೈಟ್ ಪಕ್ಕದ ಲಾಡ್ಜ್ ಅಪಾಯ ಆಗಿರುತ್ತೆ.

ಹಾಗಂತ ಊರು ಮತ್ತೆ ತಿಂಗಳು ನೋಡ್ಲೇಬಾರ್ದು ಅಂತಲ್ಲ. ನಮ್ಮ ಕಡೆ ಮಳೆ ಶುರುವಾದ ಮೇಲೆ ಜೂನ್ ಜುಲೈಯಿಂದ ಅಕ್ಟೋಬರ್ ತನಕ ಡೆಂಗ್ಯೂ ಏರುತ್ತೆ. ತಮಿಳುನಾಡಿನ ಕಡೆ ಹಿಂಗಾರು ಮಳೆ ಬೀಳೋದೇ ಅಕ್ಟೋಬರಿಂದ ಡಿಸೆಂಬರ್, ಹಾಗಾಗಿ ರಾಮೇಶ್ವರ ಕನ್ಯಾಕುಮಾರಿ ಅಂತ ನವೆಂಬರಲ್ಲಿ ಹೊರಡೋರು, ಇಲ್ಲಿ ಮಳೆ ನಿಂತಿದೆಯಲ್ಲ ಅಂತ ಅಲ್ಲಿಗೂ ಅದೇ ಲೆಕ್ಕ ಹಾಕ್ಬೇಡಿ. ಮಂಗಳೂರು ಊರೊಳಗೆ ಮಲೇರಿಯಾ ತೊಂಬತ್ತರ ದಶಕದಿಂದ ಕಾಡಿದೆ, ಕಟ್ಟಡ ಕೆಲಸದ ಸೈಟು, ಮುಚ್ಚದ ಟ್ಯಾಂಕು ಇವೇ ಕಾರಣ, ಈಗ ಬಹಳ ಕಡಿಮೆ ಆಗಿದೆ, ಆದ್ರೂ ಮಳೆಗಾಲದಲ್ಲಿ ರಾತ್ರಿ ಪರದೆ ಬಿಡೋ ಹಾಗಿಲ್ಲ. ಮಲೆನಾಡಿನ ವಿಷಯದಲ್ಲಿ ಸೊಳ್ಳೆ ಅಲ್ದೆ ಮಂಗನ ಕಾಯಿಲೆ ಅಂತ ಇನ್ನೊಂದಿದೆ, 1957ರಲ್ಲಿ ಸೊರಬದ ಕಡೆ ಕ್ಯಾಸನೂರು ಕಾಡಲ್ಲಿ ಮೊದಲು ಕಂಡಿದ್ದು, ಅದು ಉಣುಗು ಕಚ್ಚಿ ಬರೋದು, ಮಳೆ ನಿಂತ ಮೇಲೆ ನವೆಂಬರಿಂದ ಮೇ ತನಕ ಅದರ ಕಾಲ, ಆಗ ಮಕ್ಕಳನ್ನ ಕಾಡೊಳಗೆ ಟ್ರೆಕ್ಕಿಂಗ್ ಅಂತ ಕರ್ಕೊಂಡು ಹೋಗೋ ಮುಂಚೆ ಅಲ್ಲಿನ ಆರೋಗ್ಯ ಕೇಂದ್ರದಲ್ಲಿ ಒಂದು ಮಾತು ಕೇಳಿ.

ಎರಡು ತಪ್ಪು ನಂಬಿಕೆ ನಮ್ಮನೇಲೇ ಇತ್ತು. ಒಂದು, ಬಯಲುಸೀಮೆ ಒಣ ಊರು, ಅಲ್ಲಿ ಸೊಳ್ಳೆ ಎಲ್ಲಿಂದ ಬರ್ಬೇಕು ಅಂತ. ನೀರು ವಾರಕ್ಕೊಂದ್ಸಲ ಬಿಡೋ ಊರಲ್ಲಿ ಪ್ರತಿ ಮನೇಲೂ ಡ್ರಮ್ಮು, ಬ್ಯಾರೆಲ್ಲು, ತೊಟ್ಟಿ ತುಂಬಿಟ್ಕೊಂಡಿರ್ತಾರೆ, ಈಡಿಸಿಗೆ ಅದಕ್ಕಿಂತ ಒಳ್ಳೆ ಮನೆ ಬೇಕಾ. ಝೀಕಾ ಬಂದ ರಾಯಚೂರೇನೂ ಮಳೆನಾಡಲ್ಲ. ಬಾದಾಮಿ, ಹಂಪಿ, ವಿಜಯಪುರ ಚಳಿಗಾಲಕ್ಕೆ ನಿಜವಾಗ್ಲೂ ಒಳ್ಳೆ ಆಯ್ಕೆ, ಲಾಡ್ಜಲ್ಲಿ ನೀರು ಹೇಗೆ ಶೇಖರಣೆ ಮಾಡ್ತಾರೆ ಅಂತ ಮಾತ್ರ ಕೇಳಿ. ಎರಡನೇದು, ಬೆಟ್ಟದ ಮೇಲೆ ತಂಪು, ಸೊಳ್ಳೆ ಇರಲ್ಲ ಅಂತ. ಮಡಿಕೇರಿ ಸುಮಾರು 1,150 ಮೀಟರ್, ಚಿಕ್ಕಮಗಳೂರು ಪೇಟೆ ಸಾವಿರದ ಆಸುಪಾಸು, ಬೆಂಗಳೂರೇ 900ರ ಮೇಲಿದೆ, ಈ ಎತ್ತರ ಏನೂ ಸಾಲದು. ಡೆಂಗ್ಯೂ ಸೊಳ್ಳೆ ನಿಜವಾಗಿ ಅಪರೂಪ ಆಗೋದು ಸುಮಾರು 2,000 ಮೀಟರ್ ದಾಟಿದ ಮೇಲೆ. ನಮ್ಮ ಹತ್ರದಲ್ಲಿ ಅಂಥದ್ದು ಊಟಿ, 2,200 ಮೀಟರ್ ಮೇಲಿದೆ, ಕೊಡೈಕೆನಾಲೂ 2,100ರ ಹತ್ರ. ಹಾಗಂತ ಲೇಹ್ ಕಡೆ ಹಾರ್ಬೇಡಿ, 3,500 ಮೀಟರ್, ಹಾರ್ಟ್ ಪೇಷೆಂಟು ಬಸುರಿ ಇಟ್ಕೊಂಡು ಅಲ್ಲಿಗೆ ಹೋಗೋದು ಇನ್ನೊಂದು ಕಷ್ಟ ತಂದ್ಕೊಂಡ ಹಾಗೆ.

ಫಾರಿನ್ ಟ್ರಿಪ್ ಅಂದ್ರೆ ಸೊಳ್ಳೆ ಇರಲ್ಲ ಅಂತ ತಮ್ಮ ಹೇಳ್ತಿದ್ದ. ಸಿಂಗಾಪುರದಷ್ಟು ಶಿಸ್ತಿನ ಊರಲ್ಲೂ ಡೆಂಗ್ಯೂ ಇದೆ. ಶ್ರೀಲಂಕಾಗೆ 2016ರಲ್ಲಿ, ಮಾಲ್ಡೀವ್ಸ್‌ಗೆ 2015ರಲ್ಲಿ ಮಲೇರಿಯಾ ಮುಕ್ತ ಅಂತ ವಿಶ್ವ ಆರೋಗ್ಯ ಸಂಸ್ಥೆ ಸರ್ಟಿಫಿಕೇಟ್ ಕೊಟ್ಟಿದೆ, ಡೆಂಗ್ಯೂ ಎರಡೂ ಕಡೆ ಇದ್ದೇ ಇದೆ. ಕೀನ್ಯಾ ಸಫಾರಿ ಅಂತ ಯೋಚನೆ ಇದ್ರೆ ಯೆಲ್ಲೋ ಫೀವರ್ ಲಸಿಕೆ ಹೊರಡೋಕೆ ಕನಿಷ್ಠ 10 ದಿನ ಮುಂಚೆ ಹಾಕಿಸಿರ್ಬೇಕು, ಸರ್ಟಿಫಿಕೇಟ್ ಇಲ್ದೆ ವಾಪಸ್ ಬಂದ್ರೆ ಇಲ್ಲಿ 6 ದಿನ ಪ್ರತ್ಯೇಕ ಇಡಬಹುದು, ಆದ್ರೆ 60 ದಾಟಿದೋರಿಗೆ, ಬಸುರಿಯರಿಗೆ ಆ ಲಸಿಕೆ ಕೊಡೋದು ಬಿಡೋದು ಡಾಕ್ಟ್ರೇ ಯೋಚನೆ ಮಾಡಿ ಹೇಳ್ಬೇಕು, 9 ತಿಂಗಳ ಒಳಗಿನ ಮಗುವಿಗೆ ಸಾಮಾನ್ಯವಾಗಿ ಕೊಡಲ್ಲ. ಮೂರು ತಲೆಮಾರು ಒಟ್ಟಿಗೆ ಹೋಗೋಕೆ ಆ ಕಡೆ ನನಗಂತೂ ಸರಿ ಅನ್ನಿಸ್ಲಿಲ್ಲ.

ಮೂರನೇದು ಫೋನ್ ಮಾಡೋದು. ಜಾಗ ಎರಡೋ ಮೂರೋ ಉಳಿದ ಮೇಲೆ ಆ್ಯಪಲ್ಲಿ ಫೋಟೋ ನೋಡಿ ಬುಕ್ ಮಾಡ್ಬೇಡಿ, ಸೀದಾ ಮಾತಾಡಿ. ಸೊಳ್ಳೆ ಇದೆಯಾ ಅಂತ ಕೇಳಿದ್ರೆ ಎಲ್ರೂ ಇಲ್ಲ ಅಂತಾರೆ, ಆ ಪ್ರಶ್ನೆ ಉಪಯೋಗ ಇಲ್ಲ. ಕಿಟಕಿಗೆ ಜಾಲರಿ ಇದೆಯಾ, ಎಲ್ಲಾ ಕಿಟಕಿಗೂ ಇದೆಯಾ, ಬಾತ್‌ರೂಮ್ ವೆಂಟಿಲೇಟರಿಗೆ? ಮಂಚದ ಮೇಲೆ ಪರದೆ ಕಟ್ಟೋಕೆ ಮೊಳೆ ಅಥವಾ ಕೊಕ್ಕೆ ಇದೆಯಾ? ಸಂಪು, ಟ್ಯಾಂಕಿಗೆ ಮುಚ್ಚಳ ಇದೆಯಾ? ಪಕ್ಕದಲ್ಲಿ ಕಟ್ಟಡ ಕೆಲಸ ನಡೀತಿದೆಯಾ? ತೋಟ ಇದ್ರೆ ಹಾಳೆ, ತೆಂಗಿನ ಕರಟ, ಎಳನೀರು ಬುರುಡೆ ಎಲ್ಲಿ ಹಾಕ್ತೀರಾ? ರಬ್ಬರ್ ತೋಟ ಆದ್ರೆ ಮಳೆಗಾಲದಲ್ಲಿ ಮರಕ್ಕೆ ಕಟ್ಟಿರೋ, ರಬ್ಬರ್ ಹಾಲು ಹಿಡಿಯೋ ಚಿಪ್ಪು ಮಗುಚಿ ಇಡ್ತೀರಾ? ಕರಾವಳಿ ಕಡೆ ಒಬ್ರು ಹೋಮ್‌ಸ್ಟೇ ನಡೆಸೋರು ನನ್ನ ಪ್ರಶ್ನೆ ಕೇಳಿ, "ಎಂತ ಮಾರಾಯ್ರೇ, ನೀವು ಆರೋಗ್ಯ ಇಲಾಖೆಯವ್ರಾ" ಅಂದ್ರು, ನಾನು ಅಪ್ಪನ ಕಥೆ ಹೇಳಿದ ಮೇಲೆ ದನಿ ಬದಲಾಯ್ತು, "ನಿಮ್ಮ ತಂದೆಯವರಿಗೆ ಹಾಗಿದ್ರೆ ಈಗ ಬರೋದು ಬೇಡ, ಜನವರಿ ಆಚೆ ಬನ್ನಿ, ಮಳೆ ಪೂರ್ತಿ ನಿಂತಿರ್ತದೆ, ಅಂಗಳ ಒಣಗಿರ್ತದೆ" ಅಂತ ಅವರೇ ಹೇಳಿದ್ರು. ಬಂದ ಗಿರಾಕಿನ ತಾವೇ ಬೇಡ ಅಂದ ಅಂಥೋರ ಮನೆಗೆ ನಾನು ಖಂಡಿತ ಹೋಗ್ತೀನಿ.

ಅದೇ ಫೋನಲ್ಲೇ ಕೇಳ್ಬೇಕಾದ್ದು ಆಸ್ಪತ್ರೆ. ಹತ್ರದಲ್ಲಿ ಕ್ಲಿನಿಕ್ ಇದೆ ಅಂದ್ರೆ ಸಾಲದು, ಐಸಿಯು ಇರೋ, ರಕ್ತ ಪ್ಲೇಟ್‌ಲೆಟ್ ಸಿಗೋ, ಬಸುರಿ ಇದ್ರೆ ಹೆರಿಗೆ ಡಾಕ್ಟ್ರು ಇಪ್ಪತ್ತನಾಲ್ಕು ಗಂಟೆ ಇರೋ ಆಸ್ಪತ್ರೆ ಎಷ್ಟು ಹೊತ್ತಿನ ದಾರಿ. ಕಿಲೋಮೀಟರ್ ಕೇಳ್ಬೇಡಿ, ರಾತ್ರಿ ಮಳೇಲಿ ಎಷ್ಟು ಹೊತ್ತು ಅಂತ ಕೇಳಿ. ನಮ್ಮ ಗೆರೆ ಒಂದು ಗಂಟೆ, ಅದಕ್ಕಿಂತ ಜಾಸ್ತಿ ಆದ್ರೆ ಎಷ್ಟೇ ಚಂದ ಜಾಗ ಆದ್ರೂ ಬಿಟ್ವಿ.

ತಾರೀಕಿನ ವಿಷಯ ಎಷ್ಟೋ ಜನ ಯೋಚನೆನೇ ಮಾಡಲ್ಲ. ಸೊಳ್ಳೆ ಕಚ್ಚಿ ಡೆಂಗ್ಯೂ ಜ್ವರ ಕಾಣಿಸ್ಕೊಳ್ಳೋಕೆ ಸಾಮಾನ್ಯವಾಗಿ 4ರಿಂದ 10 ದಿನ ಬೇಕು. ಹೊರದೇಶದಿಂದ ಬಂದೋರು ಊರು, ಮದುವೆ, ಶಾಪಿಂಗ್ ಎಲ್ಲಾ ಮುಗಿಸಿ ಕೊನೇ ವಾರಕ್ಕೆ ಟ್ರಿಪ್ ಇಟ್ಕೊಳ್ತಾರೆ, ಆಗ ಜ್ವರ ಬರೋದು ಫ್ಲೈಟಲ್ಲಿ ಇಲ್ಲಾ ಅಲ್ಲಿ ಹೋಗಿ ಇಳಿದ ಮೇಲೆ, ಡೆಂಗ್ಯೂ ಅಷ್ಟಾಗಿ ನೋಡದ ಡಾಕ್ಟ್ರ ಮುಂದೆ. ಟ್ರಿಪ್ಪನ್ನ ಮೊದಲ ವಾರಕ್ಕೇ ಇಡಿ. ತಮ್ಮ ಬಂದ ನಾಕನೇ ದಿನಕ್ಕೆ ನಾವು ಹೊರಡ್ತೀವಿ, ವಾಪಸ್ ಬಂದ ಮೇಲೂ ಅವರಿಗೆ ಸುಮಾರು ಎರಡು ವಾರ ಇಲ್ಲೇ ಸಿಗುತ್ತೆ. ಹಾಗೇ ಬುಕಿಂಗ್ ಕ್ಯಾನ್ಸಲ್ ಮಾಡಿದ್ರೆ ದುಡ್ಡು ವಾಪಸ್ ಬರೋ ಥರದ್ದೇ ಮಾಡಿ, ಐನೂರು ರೂಪಾಯಿ ಜಾಸ್ತಿ ಆದ್ರೂ ಪರವಾಗಿಲ್ಲ, ದುಡ್ಡು ಹೋಗುತ್ತೆ ಅಂತ ಜ್ವರದ ಮಗೂನ ಎತ್ಕೊಂಡು ಹೊರಡೋ ಪರಿಸ್ಥಿತಿ ಬರಬಾರ್ದು.

ಅಮ್ಮನ್ನ ಒಪ್ಪಿಸೋದು ಸುಲಭ ಇರ್ಲಿಲ್ಲ. ಅವರಿಗೆ ಧರ್ಮಸ್ಥಳ ಸುಬ್ರಹ್ಮಣ್ಯ ಮುಗಿಸಿ ಉಡುಪೀಲಿ ಎರಡು ದಿನ ಇರೋ ಆಸೆ, ಹರಕೆ ಬೇರೆ ಇದೆ. ದೇವರ ಹತ್ರ ಹೋಗೋಕೆ ಸೊಳ್ಳೆ ಲೆಕ್ಕನಾ ಅಂತ ಬೇಜಾರು ಮಾಡ್ಕೊಂಡ್ರು. ನಾನು ವಾದ ಮಾಡ್ಲಿಲ್ಲ, ಬೇಡ ಅನ್ನೋ ಬದ್ಲು ಫೆಬ್ರವರಿ ತಾರೀಕು ಹಿಡಿದು ಕ್ಯಾಲೆಂಡರಲ್ಲಿ ಗುರ್ತು ಹಾಕ್ಸಿದೆ, ಮಳೆ ನಿಂತಿರುತ್ತೆ, ಹರಕೇನೂ ತೀರುತ್ತೆ. ಹಿರಿಯರಿಗೆ ಇಲ್ಲ ಅನ್ನೋದಕ್ಕಿಂತ ಯಾವಾಗ ಅಂತ ಹೇಳಿದ್ರೆ ಅರ್ಧ ಜಗಳ ಕಮ್ಮಿ ಆಗುತ್ತೆ. ಗೋವಾ ಬೇಕು ಅಂತಿದ್ದ ಮಗನಿಗೆ ಅವನ ಫೋನಲ್ಲಿರೋ ವಿಡಿಯೋ ತೋರಿಸಿದ್ದೇ ಸಾಕಾಯ್ತು.

ಕೊನೆಗೆ ಊಟಿ ಅಂತ ಆಯ್ತು, ಮೂರು ರಾತ್ರಿ, ಪೇಟೆ ಒಳಗೇ ಆಸ್ಪತ್ರೆ ಹತ್ರದ ಮನೆ. ಅಲ್ಲಿಗೆ ಹೋಗೋರು ಗಮನಿಸಿ, 2024ರ ಮೇ ತಿಂಗಳಿಂದ ನೀಲಗಿರಿಗೆ ಹೊರಗಿನ ಗಾಡಿಗಳಿಗೆ ಇ ಪಾಸ್ ಪದ್ಧತಿ ತಂದಿದಾರೆ, ಹೊರಡೋ ಮುಂಚೆ ಆನ್‌ಲೈನಲ್ಲಿ ನೋಡಿ. ಬಂಡೀಪುರ ದಾರಿ ರಾತ್ರಿ 9ರಿಂದ ಬೆಳಗ್ಗೆ 6ರ ತನಕ ಬಂದ್, ಬಸುರಿ ಇದ್ರೆ ಮಸಿನಗುಡಿ ಕಡೆಯಿಂದ ಹತ್ತೋ ಕಡಿದಾದ 36 ತಿರುವಿನ ಘಾಟಿ ಬೇಡ, ಗೂಡಲೂರು ದಾರಿ ಹಿಡೀರಿ, ಒಂದು ಗಂಟೆ ಜಾಸ್ತಿ ಆದ್ರೂ ಹೊಟ್ಟೆ ತೊಳೆಸೋದು ಕಮ್ಮಿ. ಅಪ್ಪಂಗೆ ಉಣ್ಣೆ ಟೋಪಿ, ಅಮ್ಮನ ಬೆರಳಿಗೆ ಗ್ಲೌಸು ಮರೀಬೇಡಿ, ಚಳಿಗೆ ಗಂಟು ನೋವು ಜಾಸ್ತಿ ಆಗುತ್ತೆ. ದಾರೀಲಿ ಮೈಸೂರು, ಗುಂಡ್ಲುಪೇಟೆ, ಗೂಡಲೂರಲ್ಲಿ ಇಳಿದಾಗ ಸೊಳ್ಳೆ ಇರುತ್ತೆ, ಮೇಲೆ ಹೋದ ಮೇಲೆ ಹಚ್ಕೊಂಡ್ರಾಯ್ತು ಅಂತ ಕ್ರೀಮ್ ಡಿಕ್ಕೀಲಿ ಇಡ್ಬೇಡಿ.

ಎಲ್ಲಿಗೆ ಹೋದ್ರೂ ಹೋದ ತಕ್ಷಣ ಲಗೇಜ್ ಇಳಿಸೋ ಮುಂಚೆ ಒಬ್ರು ಮನೆ ಸುತ್ತ ಹತ್ತು ನಿಮಿಷ ನಡೀರಿ. ಹೂಕುಂಡದ ಕೆಳಗಿನ ತಟ್ಟೆ, ಮನಿ ಪ್ಲಾಂಟ್ ಬಾಟ್ಲಿ, ಮೂಲೇಲಿ ಬಿದ್ದಿರೋ ಹಳೇ ಒರಳುಕಲ್ಲು, ಟೈರು, ಟಾರ್ಪಲ್ ಮಡಿಕೆ, ಉಪಯೋಗಿಸದ ಬಾತ್‌ರೂಮಿನ ಬಕೆಟ್ಟು. ನೀರು ಕಂಡ್ರೆ ಚೆಲ್ಲಿ, ಮನೆಯವ್ರಿಗೆ ನಯವಾಗಿ ಹೇಳಿ, ಯಾರೂ ಬೇಜಾರು ಮಾಡ್ಕೊಳ್ಳಲ್ಲ. ಮಗು ಹಗಲು ಮಲಗುತ್ತಲ್ಲ, ಆಗಲೂ ಪರದೆ ಒಳಗೇ ಮಲಗಿಸಿ, ಪರದೆ ಅಂಚು ಹಾಸಿಗೆ ಕೆಳಗೆ ಸಿಕ್ಕಿಸಿ. ಬೆಳಗ್ಗೆ ಸಂಜೆ ಪೂರ್ತಿ ತೋಳು, ಪೂರ್ತಿ ಪ್ಯಾಂಟು, ಕಾಲುಚೀಲ, ತಿಳಿ ಬಣ್ಣದ ಬಟ್ಟೆ. ಕೂರೋ ಕಡೆ ಫ್ಯಾನ್ ಜೋರಾಗಿ ಹಾಕಿ, ಗಾಳೀಲಿ ಸೊಳ್ಳೆಗೆ ಹಾರೋಕಾಗಲ್ಲ.

ಕ್ರೀಮ್ ತಗೊಳ್ಳೋವಾಗ ಮುಂದೆ ಬರೆದಿರೋ ಹೆಸರಲ್ಲ, ಹಿಂದೆ ಬರೆದಿರೋದು ಓದಿ. ಡೀಟ್, ಪಿಕಾರಿಡಿನ್, ಐಆರ್ 3535 ಇವು ಪರೀಕ್ಷೆ ಆಗಿರೋವು, ಬಸುರಿಯರೂ ಲೇಬಲ್ ಪ್ರಕಾರ ಹಚ್ಕೊಳ್ಬಹುದು, ಒಂದ್ಸಲ ಡಾಕ್ಟ್ರನ್ನ ಕೇಳಿ ಹಚ್ಚಿ. 2 ತಿಂಗಳ ಒಳಗಿನ ಕೂಸಿಗೆ ಯಾವ ಕ್ರೀಮೂ ಬೇಡ, ಪರದೆ ಸಾಕು. ಲೆಮನ್ ಯೂಕಲಿಪ್ಟಸ್ ಎಣ್ಣೆದು 3 ವರ್ಷದ ಒಳಗಿನೋರಿಗೆ ಬೇಡ. ಮಕ್ಕಳ ಕೈಗೆ ಹಚ್ಬೇಡಿ, ಬಾಯಿಗೆ ಹಾಕ್ಕೊಳ್ತಾರೆ. ಸನ್‌ಸ್ಕ್ರೀನ್ ಮೊದಲು, ಸೊಳ್ಳೆ ಕ್ರೀಮ್ ಅದರ ಮೇಲೆ. ಕೈಗೆ ಕಟ್ಟೋ ಬ್ಯಾಂಡು, ಸೊಳ್ಳೆ ಓಡಿಸೋ ಶಬ್ದದ ಆ್ಯಪು ಇವನ್ನ ನಂಬ್ಕೊಂಡು ಕೂರ್ಬೇಡಿ. ಮುಚ್ಚಿದ ರೂಮಲ್ಲಿ ರಾತ್ರಿಯೆಲ್ಲ ಬತ್ತಿ ಹೊಗೆ ಹಿರಿಯರ ಎದೆಗೆ ಒಳ್ಳೇದಲ್ಲ.

ವಾಪಸ್ ಬಂದ ಮೇಲೆ ಎರಡು ವಾರ ಮನೇಲಿ ಥರ್ಮಾಮೀಟರ್ ಕೈಗೆ ಸಿಗೋ ಹಾಗಿರ್ಲಿ. ಯಾರಿಗೆ ಜ್ವರ ಬಂದ್ರೂ ಪ್ಯಾರಾಸಿಟಮಾಲ್ ಮಾತ್ರ, ಐಬುಪ್ರೊಫೆನ್, ಡೈಕ್ಲೋಫೆನಾಕ್ ಥರದ ನೋವಿನ ಮಾತ್ರೆ ಬೇಡ, ಬ್ಲೀಡಿಂಗ್ ಜಾಸ್ತಿ ಆಗುತ್ತೆ. ರಕ್ತ ತೆಳು ಮಾಡೋ ಮಾತ್ರೆ ತಗೊಳ್ಳೋರು ತಾವೇ ನಿಲ್ಲಿಸೋದೂ ಬೇಡ, ಅದೇ ದಿನ ಡಾಕ್ಟ್ರಿಗೆ ಫೋನ್ ಮಾಡಿ. ಡೆಂಗ್ಯೂ ಪತ್ತೆಗೆ ರಕ್ತ ಪರೀಕ್ಷೆ ಎರಡು ಥರ, ಜ್ವರ ಬಂದ ಮೊದಲ ಐದು ದಿನದೊಳಗೆ ಎನ್ಎಸ್1 ಟೆಸ್ಟು, ಆಮೇಲಾದ್ರೆ ಐಜಿಎಂ. ಬಸುರಿ, ಕೂಸು, ವಯಸ್ಸಾದೋರಿಗೆ ಜ್ವರ ಬಂದ ದಿನವೇ ತೋರಿಸಿ. ನಮಗೆ ಗೊತ್ತಿಲ್ದೆ ಮೋಸ ಹೋಗಿದ್ದು ಇಲ್ಲಿ: ಅಪ್ಪಂಗೆ ನಾಕನೇ ದಿನ ಜ್ವರ ಬಿಡ್ತು, ಎಲ್ರೂ ನಿಟ್ಟುಸಿರು ಬಿಟ್ವಿ, ಅಪಾಯ ಶುರುವಾಗಿದ್ದೇ ಆವಾಗ. ಜ್ವರ ಇಳಿಯೋ ಹೊತ್ತಲ್ಲಿ ಹೊಟ್ಟೆ ನೋವು, ಬಿಡದೆ ವಾಂತಿ, ವಸಡಲ್ಲಿ ರಕ್ತ, ಮಂಪರು, ಮೂತ್ರ ಕಮ್ಮಿ, ಇದರಲ್ಲಿ ಒಂದು ಕಂಡ್ರೂ ಸೀದಾ ಆಸ್ಪತ್ರೆ, ಪಪ್ಪಾಯ ಎಲೆ ರಸ ಹಿಂಡ್ತಾ ಮನೇಲಿ ಕೂರೋ ಹೊತ್ತಲ್ಲ. ಜ್ವರ ಇರೋರನ್ನ ಹಗಲೂ ಪರದೆ ಒಳಗೇ ಇಡಿ, ಅವರನ್ನ ಕಚ್ಚಿದ ಸೊಳ್ಳೆನೇ ಮನೇಲಿ ಮಿಕ್ಕೋರಿಗೂ ಹರಡೋದು. ಏನು ಮಾಡ್ಬೇಕು ಗೊತ್ತಾಗ್ಲಿಲ್ಲ ಅಂದ್ರೆ ಕರ್ನಾಟಕದಲ್ಲಿ 104ಕ್ಕೆ ಫೋನ್ ಮಾಡಿ ಕೇಳ್ಬಹುದು, ಆಂಬುಲೆನ್ಸಿಗೆ 108.

ಹೊರಡೋಕೆ ಇನ್ನೂ ಒಂಬತ್ತು ದಿನ ಇದೆ. ಅಪ್ಪ ಆಗಲೇ ತಮ್ಮ ಬ್ಯಾಗಿಗೆ ಎರಡು ಪರದೆ, ನೈಲಾನ್ ಹಗ್ಗ, ನಾಕು ಕೊಕ್ಕೆ, ಉದ್ದ ಕಾಲುಚೀಲ ಎರಡು ಜೊತೆ ಹಾಕಿಟ್ಟಿದಾರೆ, ಬೆಳಗ್ಗೆ ಪೇಪರ್ ಓದೋವಾಗ ಹಾಕ್ಕೊಳ್ಳೋಕಂತೆ.